ಹದಿನಾಲ್ಕು ಸಾವಿರವೋ, ಹದಿನಾರು ಸಾವಿರವೋ?

2021ರ ಜನವರಿ 11ರ ನಸುಕಿನಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲೂ ನಿಲ್ಲದೆ ಬಂದು ದೇವನಹಳ್ಳಿಯಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್ವಾಲ್, ತನ್ಮಯಿ ಪಾಪಗರಿ, ಆಕಾಂಕ್ಷಾ ಸೋನಾವಣೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಹಾದು ಬಂದಿದ್ದರು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅವರ ಫೋಟೋ. ನಮ್ಮ ಆಫೀಸಿನಲ್ಲೂ ಅದೇ ಮಾತು. ಆದರೆ ಅಲ್ಲಿ ಚರ್ಚೆಗೆ ಬಿದ್ದದ್ದು ಪೈಲಟ್‌ಗಳ ವಿಷಯವಲ್ಲ, ಕಿಲೋಮೀಟರಿನ ವಿಷಯ. ಒಂದು ವರದಿಯಲ್ಲಿ ದೂರ 13,993 ಕಿ.ಮೀ. ಎಂದಿತ್ತು. ಇನ್ನೊಂದರಲ್ಲಿ ಸುಮಾರು 16,000 ಕಿ.ಮೀ. ಎಂದಿತ್ತು. ವಿಮಾನ ಒಂದೇ, ಊರುಗಳು ಅವೇ, ವ್ಯತ್ಯಾಸ ಮಾತ್ರ ಎರಡು ಸಾವಿರ ಕಿಲೋಮೀಟರು. ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದಷ್ಟು.

ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿ ಟ್ರಾವೆಲ್ ಏಜೆನ್ಸಿ ಇಟ್ಟುಕೊಂಡವಳು ನಾನು. ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಬಸವನಗುಡಿ, ಜಯನಗರದ ಅಪ್ಪ ಅಮ್ಮಂದಿರು. ಮಗನೋ ಮಗಳೋ ಸ್ಯಾನ್ ಹೋಸೆಯಲ್ಲೋ ಫ್ರೀಮಾಂಟ್‌ನಲ್ಲೋ ಇರುತ್ತಾರೆ. ಬಾಣಂತನಕ್ಕೆ, ಮೊಮ್ಮಗುವಿನ ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ಹೊರಡುತ್ತಾರೆ. ಟಿಕೆಟ್ಟನ್ನು ಮಕ್ಕಳು ಅಲ್ಲಿಂದಲೇ ಮೊಬೈಲಿನಲ್ಲಿ ಮಾಡಬಲ್ಲರು. ಆದರೂ ಇವರು ನಮ್ಮಲ್ಲಿಗೆ ಬರುವುದು ಪ್ರಶ್ನೆ ಕೇಳಲು. ಅಂದು ಪೇಪರು ಮಡಚಿ ಹಿಡಿದುಕೊಂಡು ಬಂದ, ಬ್ಯಾಂಕಿನಿಂದ ನಿವೃತ್ತರಾದ ಯಜಮಾನರೊಬ್ಬರು ನೇರವಾಗಿಯೇ ಕೇಳಿದರು:

“ಅಲ್ಲಮ್ಮಾ, ಬೆಂಗಳೂರಿಂದ ಮೈಸೂರಿಗೆ ನೂರಾ ನಲವತ್ತೈದು ಕಿಲೋಮೀಟರು ಅಂದ್ರೆ ನೂರಾ ನಲವತ್ತೈದೇ. ಅಮೆರಿಕಾಗೆ ಮಾತ್ರ ಎರಡು ಸಾವಿರ ಹಿಂದೆಮುಂದೆ ಆಗುತ್ತಾ? ಲೆಕ್ಕ ಹಾಕಿದೋರು ಯಾರು?”

“ಎರಡೂ ಸರಿನೇ ಸಾರ್, ಕೂತ್ಕೊಳಿ” ಎಂದೆ. ಕೂತರು. ಕಾಫಿಯೂ ಬಂತು. ಅವರಿಗೆ ಅಂದು ಹೇಳಿದ್ದನ್ನೂ ಆಮೇಲಿನ ವರ್ಷಗಳಲ್ಲಿ ಆಕಾಶದಲ್ಲಿ ಆದ ಬದಲಾವಣೆಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 13,993ರ ಕಥೆ. ಇದು ಯಾರೂ ಅಳೆದ ದೂರವಲ್ಲ, ಲೆಕ್ಕ ಹಾಕಿದ ದೂರ. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿ. ರೇಖಾಂಶಗಳ ನಡುವಿನ ಅಂತರ ಪೂರ್ವದ ಕಡೆಯಿಂದ ಎಣಿಸಿದರೆ ಹತ್ತಿರ ಹತ್ತಿರ 160 ಡಿಗ್ರಿ, ಪಶ್ಚಿಮದ ಕಡೆಯಿಂದ 200. ಅಂದರೆ ಎರಡೂ ಊರುಗಳು ಭೂಮಿಯ ಎದುರುಬದುರು ಮಗ್ಗುಲಲ್ಲಿವೆ. ಈ ನಾಲ್ಕು ಅಂಕಿಗಳನ್ನು ಗೋಳದ ತ್ರಿಕೋನಮಿತಿಯ ಸೂತ್ರಕ್ಕೆ ಹಾಕಿದರೆ, ಭೂಮಿಯ ನಡುಬಿಂದುವಿನಲ್ಲಿ ಈ ಎರಡು ಊರುಗಳ ನಡುವೆ 125.8 ಡಿಗ್ರಿಯ ಕೋನ ಸಿಗುತ್ತದೆ. ಒಂದು ಡಿಗ್ರಿಗೆ ಭೂಮಿಯ ಮೇಲೆ 111.2 ಕಿ.ಮೀ. ಗುಣಿಸಿ ನೋಡಿ: 13,990ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಪಿಯುಸಿಯಲ್ಲಿ ಸೈನ್, ಕೊಸೈನ್ ಕಲಿತ ಯಾರು ಬೇಕಾದರೂ ಕ್ಯಾಲ್ಕುಲೇಟರಿನಲ್ಲಿ ಮಾಡಬಹುದು.

ಪೈಲಟ್‌ಗಳು ಇದನ್ನೇ ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ; ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಅವರ ಲೆಕ್ಕದಲ್ಲಿ ಈ ದೂರ ಸುಮಾರು 7,550. ನಮ್ಮ ಟಿಕೆಟ್ ವ್ಯಾಪಾರದಲ್ಲಿ ಸಾಮಾನ್ಯ ಮೈಲಿ ನಡೆಯುತ್ತದೆ, ಅದರಲ್ಲಿ ಸುಮಾರು 8,700. ಒಂದೇ ದಾರಿಗೆ ಮೂರು ಅಂಕಿ ಓಡಾಡುವುದು ಹೀಗೆ. ಮೈಲಿ ಎಂದು ಬರೆದಿದ್ದರೆ ಯಾವ ಮೈಲಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಎರಡು ಕಡೆ ಹುಡುಕಿದರೆ ಹತ್ತಿಪ್ಪತ್ತು ಕಿಲೋಮೀಟರು ಹೆಚ್ಚುಕಡಿಮೆ ಕಾಣುತ್ತದೆ. ಭೂಮಿ ಸಂಪೂರ್ಣ ಗುಂಡಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಗುಂಡಗಿದೆ ಎಂದುಕೊಂಡು ಮಾಡಿದ ಲೆಕ್ಕಕ್ಕೂ, ಚಪ್ಪಟೆಯಾದ ತಲೆಯನ್ನು ಗಮನಕ್ಕೆ ತೆಗೆದುಕೊಂಡು ಮಾಡಿದ ಲೆಕ್ಕಕ್ಕೂ ಅಷ್ಟು ವ್ಯತ್ಯಾಸ ಬರುತ್ತದೆ. ಕೆಲವರು ವಿಮಾನ ನಿಲ್ದಾಣದಿಂದ ಅಳೆಯುತ್ತಾರೆ, ಕೆಲವರು ಊರಿನ ನಡುಮಧ್ಯದಿಂದ. ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಗೆ ಹೋಗುವಷ್ಟರಲ್ಲೇ ಮೂವತ್ತೈದು ಕಿಲೋಮೀಟರು ಕಳೆದಿರುತ್ತದಲ್ಲ.

ಭೂಮಿಯ ಈ ಆಕಾರವನ್ನು ಅಳೆಯುವ ಕೆಲಸದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹೊರಗೆ ಏಳು ಮೈಲಿಗಿಂತ ಉದ್ದದ ನೇರ ಗೆರೆಯೊಂದನ್ನು ಉಕ್ಕಿನ ಸರಪಳಿ ಹಾಸಿ ಅಳೆದ. 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆ ಶುರುವಾಯಿತು. ಮದ್ರಾಸಿನಿಂದ ತ್ರಿಕೋನಗಳನ್ನು ಪೋಣಿಸಿಕೊಂಡು ಬಂದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ನೆಲ ಅಳೆದು ತಾಳೆ ನೋಡಿದಾಗ, ಏಳು ಮೈಲಿಗೆ ಬಂದ ವ್ಯತ್ಯಾಸ ಕೆಲವೇ ಅಂಗುಲ. ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಆ ಸರ್ವೆಯ ಕಾಲದ ವೀಕ್ಷಣಾ ಕಟ್ಟಡವೊಂದರ ಜಾಗವಿದೆ. ಹೆಬ್ಬಾಳದ ಟ್ರಾಫಿಕ್ಕಿಗೆ ಹೆದರಿ ಹೆಣ್ಣೂರು ದಾರಿಯಲ್ಲಿ ಏರ್‌ಪೋರ್ಟಿಗೆ ಹೋಗುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ.

ಇನ್ನು ಆ ‘ನೇರ’ ದಾರಿ ಯಾವ ಕಡೆ ಹೋಗುತ್ತದೆ ಎನ್ನುವುದು. ನನ್ನ ಮೇಜಿನ ಮೇಲೆ ಒಂದು ಗ್ಲೋಬ್ ಇದೆ, ಡ್ರಾಯರಿನಲ್ಲಿ ಹೂ ಕಟ್ಟುವ ದಾರ. ಗಿರಾಕಿಗಳ ಕೈಗೇ ದಾರ ಕೊಟ್ಟು ಎರಡು ಊರಿನ ನಡುವೆ ಬಿಗಿಯಾಗಿ ಎಳೆಯಲು ಹೇಳುತ್ತೇನೆ. ಹೆಚ್ಚಿನವರು ಮೊದಲು ಅಡ್ಡಡ್ಡಲಾಗಿ, ಅರಬ್ಬೀ ಸಮುದ್ರದ ಕಡೆಗೋ ಜಪಾನಿನ ಕಡೆಗೋ ಎಳೆಯುತ್ತಾರೆ. ದಾರ ಸಡಿಲವಾಗಿ ಜಾರುತ್ತದೆ. ಜಾರಿ ಜಾರಿ ಮೇಲೆ ಹೋಗಿ, ಎಲ್ಲಿ ಬಿಗಿಯಾಗಿ ನಿಲ್ಲುತ್ತದೋ ಅದೇ ಅತಿ ಹತ್ತಿರದ ದಾರಿ. ಭೂಗೋಳದ ಪಾಠದಲ್ಲಿ ಇದಕ್ಕೆ ಮಹಾವೃತ್ತ ಎನ್ನುತ್ತಾರೆ. ಬೆಂಗಳೂರಿನಿಂದ ಹೊರಟ ಈ ದಾರ ಉತ್ತರಕ್ಕೆ ಮುಖ ಮಾಡಿ, ಸ್ವಲ್ಪವೇ ಪೂರ್ವಕ್ಕೆ ವಾಲಿ, ಕಾಶಿಯ ಪಕ್ಕದಲ್ಲಿ ಹೋಗುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ, 71 ಡಿಗ್ರಿ ಅಕ್ಷಾಂಶದ ಹತ್ತಿರ ಆರ್ಕ್‌ಟಿಕ್ ಸಾಗರದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಇಳಿಯತೊಡಗಿ ಅಲಾಸ್ಕಾದ ಡೆನಾಲಿ ಶಿಖರದ ಹತ್ತಿರ ಹಾದು, ಪೆಸಿಫಿಕ್ ಕಡಲಿನ ಮೇಲಿಂದ ಕ್ಯಾಲಿಫೋರ್ನಿಯಾ ಸೇರುತ್ತದೆ. ಅಮೆರಿಕದ ಸಮೀಪದ ದಾರಿ ಕಾಶಿಯ ಮೇಲೆ ಎಂದಾಗ ವಯಸ್ಸಾದವರ ಮುಖದಲ್ಲಿ ಬರುವ ಖುಷಿಯನ್ನು ನೋಡಬೇಕು.

ಶಾಲೆಯ ಗೋಡೆಯ ಭೂಪಟವನ್ನು ನಂಬಿದರೆ ಇದು ಗೊತ್ತಾಗುವುದೇ ಇಲ್ಲ. 1569ರಲ್ಲಿ ನಕ್ಷೆಗಾರ ಮರ್ಕೇಟರ್ ಮಾಡಿದ ಆ ಬಗೆಯ ನಕ್ಷೆ ಹಡಗಿನವರಿಗೆ ದಿಕ್ಸೂಚಿ ಹಿಡಿದು ಹೋಗಲು ಅನುಕೂಲವಾಗಲಿ ಎಂದು ಬರೆದದ್ದು. ಅದರಲ್ಲಿ ಉತ್ತರದ ನಾಡುಗಳೆಲ್ಲ ಉಬ್ಬಿಕೊಂಡಿವೆ. ಆಫ್ರಿಕಾದ ಹದಿನಾಲ್ಕನೇ ಒಂದು ಪಾಲಿನಷ್ಟಿರುವ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಅದರ ಮೇಲೆ ಸ್ಕೇಲಿಟ್ಟು ಬೆಂಗಳೂರಿನಿಂದ ಪಶ್ಚಿಮಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತನಕ ಗೆರೆ ಎಳೆದರೆ ಯೆಮನ್, ಸುಡಾನ್, ಸಹಾರಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಆ ಗೆರೆಯ ನಿಜವಾದ ಉದ್ದ ಎಷ್ಟು ಗೊತ್ತೇ? ಸುಮಾರು 20,000 ಕಿ.ಮೀ. ಅಂದರೆ ಸಮಭಾಜಕದ ಸುತ್ತಳತೆಯ ಅರ್ಧ. ಕಾಗದದ ಮೇಲೆ ನೆಟ್ಟಗಿರುವ ಗೆರೆ ನೆಲದ ಮೇಲೆ ಆರು ಸಾವಿರ ಕಿಲೋಮೀಟರಿನ ಸುತ್ತು.

ಈಗ ಅಸಲು ವಿಷಯಕ್ಕೆ ಬರೋಣ. ದಾರ ತೋರಿಸಿದ 14,000 ಕಿಲೋಮೀಟರಿನ ಆ ದಾರಿಯಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಯಾರೂ ವಿಮಾನ ಓಡಿಸುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ವಿಮಾನ ಹಾರುವುದು ಹತ್ತು ಹನ್ನೊಂದು ಕಿಲೋಮೀಟರು ಮೇಲೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು ನಾಲ್ಕೂವರೆ ಕಿಲೋಮೀಟರು. ಮಧ್ಯೆ ಬೇಕಾದಷ್ಟು ಜಾಗವಿದೆಯಲ್ಲ ಎನಿಸುತ್ತದೆ. ಆದರೆ ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ತಕ್ಷಣ ಉಸಿರಾಡಬಹುದಾದ ಎತ್ತರಕ್ಕೆ, ಅಂದರೆ 10,000 ಅಡಿಗೆ, ಇಳಿಸಬೇಕು. ತಲೆಯ ಮೇಲಿಂದ ಜೋತುಬೀಳುತ್ತದಲ್ಲ ಹಳದಿ ಮಾಸ್ಕ್, ಅದರಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಸುಮಾರು ಕಾಲು ಗಂಟೆ. 10,000 ಅಡಿ ಎಂದರೆ ಮೂರು ಕಿಲೋಮೀಟರು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಮೇಲಿದೆ, ಬೆಟ್ಟಗಳು ಇನ್ನೂ ಮೇಲೆ. ಇಳಿಯುವುದಾದರೂ ಎಲ್ಲಿಗೆ? ಗಗನಸಖಿ ಮಾಸ್ಕ್ ಹಾಕಿಕೊಳ್ಳುವುದನ್ನು ತೋರಿಸುವಾಗ ಮೊಬೈಲ್ ನೋಡುತ್ತಾ ಕೂರುತ್ತೇವೆ. ವಿಮಾನದ ದಾರಿ ಗೊತ್ತುಮಾಡುವವರು ಆ ಕಾಲು ಗಂಟೆಯನ್ನು ಮರೆಯುವಂತಿಲ್ಲ.

ಹಾಗಾದರೆ ಧ್ರುವದ ಮೇಲೆ ಹೋಗುವುದು ಎಷ್ಟು ಸುತ್ತು? ಇಲ್ಲೊಂದು ಸ್ವಾರಸ್ಯವಿದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ನೆಟ್ಟಗೆ ಉತ್ತರ ಧ್ರುವಕ್ಕೆ 5,830 ಕಿ.ಮೀ., ಧ್ರುವದಿಂದ ನೆಟ್ಟಗೆ ಬೆಂಗಳೂರಿಗೆ 8,540. ಕೂಡಿದರೆ 14,370. ಅತಿ ಹತ್ತಿರದ ದಾರಿಗಿಂತ ಸುಮಾರು 380 ಕಿಲೋಮೀಟರು ಮಾತ್ರ ಹೆಚ್ಚು, ಅರ್ಧ ಗಂಟೆಯ ಹಾರಾಟ. ಎರಡೂ ಊರು ಎದುರುಬದುರು ಇರುವುದರಿಂದ ಹೀಗೆ. ಆದರೆ ಧ್ರುವದಿಂದ ನೆಟ್ಟಗೆ ಕೆಳಗೆ ಬಂದರೂ ಹಾದಿಯಲ್ಲಿ ತಿಯಾನ್ ಶಾನ್, ಕಾರಕೋರಂ ಎದುರಾಗುತ್ತವೆ. ಬೆಟ್ಟಗಳನ್ನು ಬಳಸಬೇಕು, ಆಯಾ ದೇಶ ಗೊತ್ತುಮಾಡಿದ ಗಾಳಿಹಾದಿಯಲ್ಲೇ ಹೋಗಬೇಕು, ಇಂಜಿನ್ ಕೆಟ್ಟರೆ ಇಳಿಯಲು ಒಂದು ನಿಲ್ದಾಣ ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು. ಆ ಜನವರಿಯ ವಿಮಾನ ಗಾಳಿಯಲ್ಲಿದ್ದದ್ದು ಸುಮಾರು 17 ಗಂಟೆ. ಗಂಟೆಗೆ 900 ಕಿ.ಮೀ. ಎಂದು ಹಿಡಿದರೂ 15,000 ದಾಟಿತು. ಪತ್ರಿಕೆಯ 16,000 ಹಾರಿದ ದೂರ. 13,993 ದಾರದ ದೂರ. ಯಜಮಾನರಿಗೆ ನಾನು ಎರಡೂ ಸರಿ ಎಂದದ್ದು ಇದಕ್ಕೇ.

ಧ್ರುವದ ದಾರಿ ಹೇಳುವಷ್ಟು ಸಲೀಸಲ್ಲ. ಅಲ್ಲಿ ದಿಕ್ಸೂಚಿಯ ಮುಳ್ಳು ನೆಚ್ಚಿಕೆಗೆ ಬರುವುದಿಲ್ಲ. ವಿಮಾನದ ಸಾಮಾನ್ಯ ಇಂಧನ ಮೈನಸ್ 40ರಿಂದ 47 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ಹಾಗಾಗಿ ರೆಕ್ಕೆಯ ಒಳಗಿನ ಇಂಧನದ ಶಾಖದ ಮೇಲೆ ಕಣ್ಣಿಟ್ಟಿರಬೇಕು. ಎಲ್ಲಾದರೂ ಹಿಮದಲ್ಲಿ ಇಳಿಯಬೇಕಾಗಿ ಬಂದರೆ ಸಿಬ್ಬಂದಿ ಹೊರಗೆ ಕಾಲಿಡಲಿ ಎಂದು ವಿಮಾನದಲ್ಲಿ ಚಳಿಯ ವಿಶೇಷ ಉಡುಪು ಇಟ್ಟಿರುತ್ತಾರೆ. ಎರಡು ಜೊತೆ ಮಾತ್ರ. ಪ್ರಯಾಣಿಕರಿಗೆ ಅದೇ ತೆಳು ಕಂಬಳಿ.

ಬೆಟ್ಟದ ಲೆಕ್ಕ ವರ್ಷವಿಡೀ ಒಂದೇ. ಗಾಳಿಯದು ದಿನಕ್ಕೊಂದು. ಹತ್ತು ಕಿಲೋಮೀಟರು ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿಗೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಗಂಟೆಗೆ 150, 200 ಕಿ.ಮೀ. ಮಾಮೂಲು, ಕೆಲವೊಮ್ಮೆ 300 ದಾಟುತ್ತದೆ. ಜಪಾನಿನ ಹವಾಮಾನ ತಜ್ಞ ವಾಸಾಬುರೋ ಓಯಿಶಿ 1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಕಂಡಿದ್ದ. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ಎಸ್ಪೆರಾಂಟೋ ಭಾಷೆಯಲ್ಲಿ ವರದಿ ಬರೆದ. ಹೊರಗಿನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಹೋದ ಅಮೆರಿಕದ ವಿಮಾನಗಳು ಆ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗ ಎಲ್ಲರಿಗೂ ಅರಿವಾಯಿತು.

ಈ ಗಾಳಿ ದೂರದ ಲೆಕ್ಕವನ್ನೇ ತಲೆಕೆಳಗು ಮಾಡಿದ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನದ್ದು. ಆ ಎರಡು ಊರಿಗೆ ದಾರದ ದೂರ ಸುಮಾರು 12,400 ಕಿ.ಮೀ. ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಹಾರುತ್ತಿದ್ದ ದೂರ ಸುಮಾರು 13,900. 2016ರ ಅಕ್ಟೋಬರಿನಲ್ಲಿ ದಿಕ್ಕು ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೊರಟಿತು. ದೂರ 15,300 ಕಿ.ಮೀ. ಆಯಿತು, 1,400 ಕಿಲೋಮೀಟರು ಜಾಸ್ತಿ. ಆದರೆ ತಲುಪಿದ್ದು ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಬೇಗ! ಭಾಗಿಸಿ ನೋಡಿ. 15,300ನ್ನು ಹದಿನಾಲ್ಕೂವರೆಯಿಂದ ಭಾಗಿಸಿದರೆ ಗಂಟೆಗೆ 1,055 ಕಿ.ಮೀ.; ಹಳೆಯ ದಾರಿಯಲ್ಲಿ 13,900ನ್ನು ಹದಿನಾರೂವರೆಯಿಂದ ಭಾಗಿಸಿದರೆ 842. ಇಂಜಿನ್ ಅದೇ, ವಿಮಾನದ ಓಟ ಅದೇ. ಒಂದು ಕಡೆ ಗಾಳಿ ಬೆನ್ನಿಗಿತ್ತು, ಇನ್ನೊಂದು ಕಡೆ ಎದೆಗಿತ್ತು.

ಆಗ ಕೆಲವರು ಭೂಮಿ ತಿರುಗುವ ದಿಕ್ಕಿಗೆ ಹಾರಿದ್ದರಿಂದ ಬೇಗ ತಲುಪಿತು ಎಂದು ಬರೆದರು. ನನಗೆ ಆ ವಿವರಣೆ ಒಪ್ಪಿಗೆಯಿಲ್ಲ. ಬೆಂಗಳೂರು ಕೂತಲ್ಲೇ ಗಂಟೆಗೆ 1,600 ಕಿಲೋಮೀಟರಿಗಿಂತ ವೇಗವಾಗಿ ಪೂರ್ವಕ್ಕೆ ತಿರುಗುತ್ತಿದೆ ನಿಜ. ಆದರೆ ನಮ್ಮ ಗಾಳಿಯೂ ಜೊತೆಗೇ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತದೆ. “ಹೆಲಿಕಾಪ್ಟರ್‌ನಲ್ಲಿ ಮೇಲೆ ಹೋಗಿ ಹನ್ನೆರಡು ಗಂಟೆ ನಿಂತ್ರೆ ಅಮೆರಿಕಾನೇ ಕೆಳಗೆ ಬರಲ್ವಾ ಆಂಟಿ?” ಎಂದು ಅಜ್ಜನ ಜೊತೆ ಬಂದ ಹುಡುಗನೊಬ್ಬ ಕೇಳಿದ್ದ. ಬರುವುದಿಲ್ಲ ಕಂದಾ, ಅದೇ ಗಾಂಧಿ ಬಜಾರು ಕೆಳಗಿರುತ್ತೆ.

ಒಂದು ಮಾತು ಸೇರಿಸಬೇಕು: ಮಳೆಗಾಲದಲ್ಲಿ ನಮ್ಮ ದಕ್ಷಿಣ ಭಾರತದ ಮೇಲೆ, ಹದಿನಾಲ್ಕು ಹದಿನೈದು ಕಿಲೋಮೀಟರು ಎತ್ತರದಲ್ಲಿ, ಗಾಳಿ ತಿರುಗುಮುರುಗಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಇದನ್ನು 1950ರ ದಶಕದಲ್ಲಿ ಗುರುತಿಸಿದವರು ನಮ್ಮ ದೇಶದವರೇ ಆದ ಹವಾಮಾನ ತಜ್ಞ ಪಿ. ಕೋಟೇಶ್ವರಂ.

ಜೆಟ್ ಸ್ಟ್ರೀಮಿನ ಆಟ ಲಂಡನ್ ದಾರಿಯಲ್ಲೂ ಕಾಣುತ್ತದೆ. ಬೆಂಗಳೂರು–ಲಂಡನ್ ನಡುವೆ ಸುಮಾರು 8,040 ಕಿ.ಮೀ. ಹೋಗುವಾಗ ಹತ್ತೂವರೆ ಗಂಟೆಯ ಮೇಲೆ ಹಿಡಿದರೆ ಬರುವಾಗ ಒಂದು ಗಂಟೆಯಷ್ಟು ಕಡಿಮೆ. “ಹೋಗುವಾಗ ಜಾಸ್ತಿ ಹೊತ್ತಾಯ್ತು, ಸುತ್ತಿಸಿದ್ರು ಅನ್ಸುತ್ತೆ” ಎಂದು ದೂರುವವರು ಇದ್ದೇ ಇರುತ್ತಾರೆ. ಯಾರೂ ಸುತ್ತಿಸುವುದಿಲ್ಲ. ಇಂಧನದ ಖರ್ಚು ಕಂಪನಿಯದ್ದು.

ಇಂಧನ ಎಂದೆನಲ್ಲ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಆ ಬೋಯಿಂಗ್ 777-200 ಎಲ್‌ಆರ್ ವಿಮಾನದ ಟ್ಯಾಂಕಿಗೆ ಹಿಡಿಯುವುದು ಸುಮಾರು 1,81,000 ಲೀಟರ್. ನೆಲ ಬಿಡುವಾಗ ಇಡೀ ವಿಮಾನದ ಗರಿಷ್ಠ ತೂಕ 347 ಟನ್. ಟ್ಯಾಂಕ್ ತುಂಬಿದ್ದರೆ ಅದರಲ್ಲಿ ನೂರನಲವತ್ತು ಟನ್ನಿಗೂ ಹೆಚ್ಚು ಇಂಧನವೇ. ದೂರದ ಊರಿಗೆ ಬುತ್ತಿ ಹೊತ್ತು ನಡೆಯುವವನು ಆ ಬುತ್ತಿ ಹೊರುವ ಶಕ್ತಿಗೂ ಅದೇ ಬುತ್ತಿಯಿಂದ ಉಣ್ಣಬೇಕಲ್ಲ, ಹಾಗೆ ಮೊದಲ ಕೆಲವು ಗಂಟೆ ಇಂಧನ ಹೊರಲೆಂದೇ ಇಂಧನ ಸುಡುತ್ತದೆ. ನಮ್ಮ ನಿಲ್ದಾಣಕ್ಕೆ ಇನ್ನೊಂದು ತಾಪತ್ರಯವಿದೆ. ದೇವನಹಳ್ಳಿ ಸಮುದ್ರಮಟ್ಟದಿಂದ 3,000 ಅಡಿ ಮೇಲೆ. ಗಾಳಿ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು, ರೆಕ್ಕೆಗೆ ಸಿಗುವ ಆಧಾರ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೋದ ರನ್‌ವೇ ಕಡಲ ದಂಡೆಯಲ್ಲೇ ಇದೆ. ಆದ್ದರಿಂದ ಒಂದೇ ವಿಮಾನಕ್ಕೆ ಅಲ್ಲಿಂದ ತುಂಬಿಕೊಂಡು ಏಳುವುದು ಸುಲಭ, ಇಲ್ಲಿಂದ ಕಷ್ಟ. ನಿಲ್ಲದೆ ಹೋಗುವ ವಿಮಾನಗಳಲ್ಲಿ ಕೆಲವೊಮ್ಮೆ ಸೀಟು ಖಾಲಿ ಬಿಟ್ಟು ಹಾರಿಸುವುದಕ್ಕೆ ಒಂದು ಕಾರಣ ಈ ತೂಕದ ಲೆಕ್ಕ.

ಬೆಟ್ಟ, ಗಾಳಿ ಆದಮೇಲೆ ಮೂರನೆಯದು ರಾಜಕೀಯ. ಈಚಿನ ವರ್ಷಗಳಲ್ಲಿ ಆಕಾಶದ ದೂರವನ್ನು ಹೆಚ್ಚು ಬದಲಿಸಿದ್ದು ಇದೇ ಎಂಬುದು ನನ್ನ ಅಭಿಪ್ರಾಯ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾಯಿತು. ಯುರೋಪು, ಅಮೆರಿಕಗಳು ರಷ್ಯಾದ ವಿಮಾನಗಳಿಗೆ ಬಾಗಿಲು ಹಾಕಿದವು. ರಷ್ಯಾ ಅವರಿಗೆ ಹಾಕಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಸೈಬೀರಿಯಾ ಮೇಲೆ ಒಂಬತ್ತು ಚಿಲ್ಲರೆ ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಏರ್‌ಗೆ ಹದಿಮೂರು ಗಂಟೆ ಬೇಕಾಯಿತು. ಅಮೆರಿಕದ ಯುನೈಟೆಡ್ ಕಂಪನಿ ತನ್ನ ಸ್ಯಾನ್ ಫ್ರಾನ್ಸಿಸ್ಕೋ–ದೆಹಲಿ ವಿಮಾನ ನಿಲ್ಲಿಸಿತು. ಅದೇ ಕಂಪನಿ 2020ರಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಘೋಷಿಸಿತ್ತು. ನಮ್ಮಲ್ಲಿ ಗಿರಾಕಿಗಳು ಆಗಲೇ ವಿಚಾರಿಸಿಕೊಂಡು ಹೋಗಿದ್ದರು. ಅದು ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ ಶುರುವಾಗಲೇ ಇಲ್ಲ.

ಏರ್ ಇಂಡಿಯಾಗೆ ರಷ್ಯಾದ ಆಕಾಶ ತೆರೆದೇ ಇತ್ತು. ಅದರ ಲಾಭದ ಜೊತೆಗೆ ಪೇಚೂ ಬಂತು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಇಂಜಿನ್ನಿನಲ್ಲಿ ತೊಂದರೆ ಕಾಣಿಸಿ, 216 ಪ್ರಯಾಣಿಕರು, 16 ಸಿಬ್ಬಂದಿಯನ್ನು ಹೊತ್ತು ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. ಆ ಪುಟ್ಟ ಊರಿನಲ್ಲಿ ಅಷ್ಟು ಜನಕ್ಕೆ ಹೋಟೆಲ್ ಎಲ್ಲಿ? ಶಾಲೆ, ಹಾಸ್ಟೆಲುಗಳಲ್ಲಿ ಉಳಿಸಿದರು. ಮುಂಬಯಿಯಿಂದ ಇನ್ನೊಂದು ವಿಮಾನ ಹೋಗಿ ಅವರನ್ನು ಕರೆದೊಯ್ಯಬೇಕಾಯಿತು. ಮಗದಾನ್ ಎಂಬ ಊರಿನ ಹೆಸರು ಆ ವಾರ ನಮ್ಮ ಬೀದಿಯ ತರಕಾರಿಯವನಿಗೂ ಬಾಯಿಪಾಠವಾಗಿತ್ತು.

ಪಾಕಿಸ್ತಾನದ್ದು ಇನ್ನೊಂದು ಕಥೆ. ಬಾಲಾಕೋಟ್ ವಾಯುದಾಳಿ ಆದಮೇಲೆ 2019ರ ಫೆಬ್ರವರಿಯಿಂದ ಜುಲೈವರೆಗೆ ಅದರ ಆಕಾಶ ನಮಗೆ ಮುಚ್ಚಿತ್ತು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 24ರಿಂದ ನಮ್ಮ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಮೊದಲು ದಕ್ಷಿಣಕ್ಕೆ ಇಳಿದು, ಅರಬ್ಬೀ ಸಮುದ್ರದ ಮೇಲೆ ಸುತ್ತಿ ಹೋಗಬೇಕಾಯಿತು. ಉತ್ತರ ಅಮೆರಿಕಕ್ಕೆ ನಿಲ್ಲದೆ ಹೋಗುತ್ತಿದ್ದ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿದು ಹೋದವು. ನಾವು ದಕ್ಷಿಣದವರು ಹೇಗೂ ಅರಬ್ಬೀ ಸಮುದ್ರದ ಕಡೆಯಿಂದಲೇ ಹೊರಡುವವರಾದ್ದರಿಂದ ದೆಹಲಿಯವರಿಗೆ ತಟ್ಟಿದಷ್ಟು ನಮಗೆ ತಟ್ಟಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಆ ದಾರದ ದೂರ ಯಾರಿಗೆ ಬೇಕು ಎನ್ನಿಸಬಹುದು. ನಮ್ಮ ಕಸುಬಿಗೆ ಬೇಕು. ಕೈಬರಹದ ಟಿಕೆಟ್ ಇದ್ದ ಕಾಲದಲ್ಲಿ, ಕೆಂಪು ಕಾರ್ಬನ್ ಅಂಟಿದ ಆ ಉದ್ದನೆಯ ಪುಸ್ತಕದಲ್ಲಿ ಬೆರಳು ಕೆಂಪಾಗಿಸಿಕೊಂಡು ಬರೆಯುತ್ತಿದ್ದವರಿಗೆ, ದರ ಕೂಡಿಸುವುದೇ ಮೈಲಿಯ ಮೇಲೆ. ಪ್ರತಿ ಎರಡು ಊರಿನ ನಡುವೆ ಇಷ್ಟು ಮೈಲಿ ಎಂದು ದಪ್ಪ ಪುಸ್ತಕದಲ್ಲಿ ಅಚ್ಚಾಗಿರುತ್ತಿತ್ತು. ಹೊರಟ ಊರಿನಿಂದ ಸೇರುವ ಊರಿಗೆ ‘ಗರಿಷ್ಠ ಅನುಮತಿತ ಮೈಲಿ’ ಎಂದು ಇನ್ನೊಂದು ಅಂಕಿ. ಅದು ಸಾಮಾನ್ಯವಾಗಿ ಹತ್ತಿರದ ದೂರಕ್ಕಿಂತ ಶೇಕಡಾ 20ರಷ್ಟು ಹೆಚ್ಚು. ಅಷ್ಟರೊಳಗೆ ನೀವು ಯಾವ ಊರಿನ ಮೇಲೆ ಹೋದರೂ ದರ ಒಂದೇ. ಮೀರಿದರೆ ಶೇಕಡಾ 5, 10, 15, 20, 25 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುವರಿ. ಅದಕ್ಕೂ ಮೀರಿದರೆ ಆ ದರವೇ ಇಲ್ಲ. ಅಟ್ಲಾಂಟಿಕ್ ಮೇಲಿನ ದಾರಿಗೆ ‘ಎಟಿ’, ಪೆಸಿಫಿಕ್ಕಿನದಕ್ಕೆ ‘ಪಿಎ’ ಎಂಬ ಗುರುತು; ಎರಡಕ್ಕೂ ಮೈಲಿ ಬೇರೆ ಬೇರೆ. 2008ರ ಜೂನಿನಿಂದ ಕಾಗದದ ಟಿಕೆಟ್ ಹೋಯಿತು. ಈಗ ಅಮೇಡಿಯಸ್ ಎಂಬ ಟಿಕೆಟ್ ಸಾಫ್ಟ್‌ವೇರಿನಲ್ಲಿ ಎಫ್‌ಕ್ಯೂಎಂ ಎಂದು ಒತ್ತಿ ಊರುಗಳ ಮೂರಕ್ಷರ ಕೊಟ್ಟರೆ ಮೈಲಿ ಎದುರಿಗೆ ಬರುತ್ತದೆ.

ಈ ಲೆಕ್ಕ ಗೊತ್ತಿದ್ದರೆ ಇವತ್ತಿನ ಟಿಕೆಟ್ಟನ್ನೂ ಚೆನ್ನಾಗಿ ಅಳೆಯಬಹುದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದುಬೈ ಮೇಲೆ ಹೋದರೆ ದಾರದ ಲೆಕ್ಕದಲ್ಲಿ ಸುಮಾರು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ 16,500. ಸಿಂಗಪುರದ ಮೇಲೆ 16,700 ದಾಟುತ್ತದೆ. ಹಾಂಗ್‌ಕಾಂಗ್ ಮೇಲೆ ಸುಮಾರು 15,100, ಈ ನಾಲ್ಕರಲ್ಲಿ ಅದೇ ಕಡಿಮೆ. ಹಾಂಗ್‌ಕಾಂಗ್ ಪೂರ್ವಕ್ಕಿದೆ, ಅಮೆರಿಕ ‘ಪಶ್ಚಿಮ’ವಲ್ಲವೇ ಎಂದು ಅಡ್ಡಗಾಲು ಹಾಕುವವರಿಗೆ ದಾರ ಕೊಟ್ಟು ಗ್ಲೋಬ್ ತೋರಿಸುತ್ತೇನೆ. ಎದುರು ಮಗ್ಗುಲಿನ ಊರಿಗೆ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ವ್ಯತ್ಯಾಸ ಅಷ್ಟಕ್ಕಷ್ಟೇ. ಹಾಗಾಗಿ ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವವರು ಕಿಲೋಮೀಟರ್ ನೋಡಬೇಡಿ. ಒಟ್ಟು ಗಂಟೆ ನೋಡಿ. ಮಧ್ಯದ ನಿಲ್ದಾಣದಲ್ಲಿ ಕಾಯುವ ಹೊತ್ತು ನೋಡಿ. ಮಂಡಿನೋವಿನವರಿಗೆ ಮೂರು ಗಂಟೆ ಸರಿ, ಮುಕ್ಕಾಲು ಗಂಟೆ ಸಾಲದು, ಒಂಬತ್ತು ಗಂಟೆ ಶಿಕ್ಷೆ. ವೀಲ್‌ಚೇರನ್ನು ಟಿಕೆಟ್ ಮಾಡುವಾಗಲೇ ಬರೆಸಿ. ತಾರೀಖನ್ನೂ ಎರಡು ಸಲ ನೋಡಿ: ಆ ಜನವರಿಯ ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟದ್ದು ಶನಿವಾರ ರಾತ್ರಿ, ಇಲ್ಲಿ ಇಳಿದದ್ದು ಸೋಮವಾರ ಬೆಳಗಿನ ಜಾವ. ಚಳಿಗಾಲದಲ್ಲಿ ಎರಡು ಊರಿನ ಗಡಿಯಾರಕ್ಕೆ ಹದಿಮೂರೂವರೆ ಗಂಟೆಯ ಅಂತರ. ಭಾನುವಾರವೆಲ್ಲ ಆಕಾಶದಲ್ಲೇ ಕಳೆಯಿತು.

ಇನ್ನು ಮೈಲಿ ಕೂಡಿಸುವ ಕಾರ್ಡ್ ಇಟ್ಟುಕೊಂಡವರಿಗೆ ಒಂದು ಮಾತು. ಈಗ ಬಹಳಷ್ಟು ಕಂಪನಿಗಳು ನೀವು ಕೊಟ್ಟ ದುಡ್ಡಿನ ಮೇಲೆ ಮೈಲಿ ಕೊಡುತ್ತವೆ. ದೂರದ ಮೇಲೆ ಕೊಡುವ ಕಡೆಗಳಲ್ಲಿ ಎಣಿಸುವುದು ದಾರದ ದೂರವನ್ನೇ. ಬೆಟ್ಟ ಬಳಸಿ, ಗಾಳಿ ಹುಡುಕಿ, ಮುಚ್ಚಿದ ದೇಶಗಳನ್ನು ಸುತ್ತಿ ವಿಮಾನ ನಿಮ್ಮನ್ನು 16,000 ಕಿಲೋಮೀಟರು ಹೊತ್ತುಕೊಂಡು ಹೋದರೂ ನಿಮ್ಮ ಖಾತೆಗೆ ಬೀಳುವುದು 8,700 ಮೈಲಿ, ಅಂದರೆ ಅದೇ 14,000 ಕಿಲೋಮೀಟರು.